"ಬತ್ತೆ" ಅನ್ನದ ಹೀರೋಗಳು

ಬೈಂದೂರಿನಲ್ಲಿ ಒಂದು ಫ್ರಿಜ್ ರಿಪೇರಿ ಮುಗಿಸಿ, ಮಧ್ಯಾಹ್ನದ ಬಸ್ಸಿನಲ್ಲಿ ಕುಂದಾಪುರಕ್ಕೆ ವಾಪಸಾಗುತ್ತಿದ್ದೆ. ಮೊಬೈಲಿನಲ್ಲಿ ಹತ್ತಾರು ಸೂಪರ್‌ಹೀರೋಗಳು ಒಟ್ಟಾಗಿ ಕಾದಾಡುವ ಸಿನಿಮಾ, ಕನ್ನಡಕ್ಕೆ ಡಬ್ ಆದದ್ದು. ಪಕ್ಕದ ಸೀಟಿನ ಅಪರಿಚಿತ ಅಜ್ಜ ಇಣುಕಿ ನೋಡುತ್ತಿದ್ದರು.

ಒಬ್ಬ ಹೀರೋ "ನಾನು ಹೋಗುತ್ತೇನೆ" ಎಂದು ಹಾರಿದ.

"ಇವ ತಿರ್ಗಿ ಬಪ್ಪುದಿಲ್ಲ ಮಗಾ," ಅಂದರು ಅಜ್ಜ.

"ಮುಂಚೆ ಕಂಡಿದ್ರ್ಯಾ?"

"ಇಲ್ಲಪ್ಪ. ಇಷ್ಟ್ ಜನ ಇದ್ರ್, ಹೊರಡುವಾಗ ಒಬ್ಬನೂ 'ಬತ್ತೆ' ಅಂತಿಲ್ಲ. ಎಂತ ಹೀರೋಗಳ್!"

ನಮ್ಮಲ್ಲಿ ಕಡಲಿಗೆ ಹೊರಟವರೂ ಅಂಗಡಿಗೆ ಹೊರಟವರೂ "ಬತ್ತೆ", ಅಂದರೆ ಬರುತ್ತೇನೆ, ಅನ್ನಬೇಕು; "ಹೋತೆ", ಹೋಗುತ್ತೇನೆ, ಅನ್ನಬಾರದು; ಹಾಗಂದವರು ತಿರುಗಿ ಬರುವುದಿಲ್ಲ ಎಂಬ ನಂಬಿಕೆ. ನಾನು ನಕ್ಕೆ. ಸ್ವಲ್ಪ ಹೊತ್ತಿನಲ್ಲೇ ಆ ಹೀರೋ ಸತ್ತ.

ಮರವಂತೆಯಲ್ಲಿ, ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ಹತ್ತಿರದಲ್ಲಿ ಮನೆಯೇ ಇಲ್ಲದ ಕಡೆ ಅಜ್ಜ ಎದ್ದರು.

"ಹೋತೆ ಮಗಾ."

ಅವರು ಇಳಿದ ಮೇಲೆ ಕಿಟಕಿಯಿಂದ ಕೂಗಿದೆ. "ಅಜ್ಜಾ, ಬತ್ತೆ ಅನ್ನಿ!"

ಕಡಲಿನ ಕಡೆ ನಡೆಯುತ್ತಲೇ ಅವರು ಹೇಳಿದರು, "ನಾ ಹೋಯಿ ಸುಮಾರ್ ವರ್ಷ ಆಯ್ತ್ ಮಗಾ."

ಕುಂದಾಪುರದಲ್ಲಿ ಇಳಿಯುವಾಗ ಹೆದರಿಕೆಗೆ ಡ್ರೈವರಿಗೂ ಕಂಡಕ್ಟರಿಗೂ "ಬತ್ತೆ" ಅಂದೆ. ಅದೇ ಗಡಿಬಿಡಿಯಲ್ಲಿ ಅಜ್ಜ ಕೂತಿದ್ದ ಪಕ್ಕದ ಖಾಲಿ ಸೀಟಿಗೂ ಅಂದುಬಿಟ್ಟೆ. ಅದೊಂದು ಬೇಡವಾಗಿತ್ತು.