ಕಿಕರ್ತಾಕ್ ಮದುವೆಗೆ ಮೂರು ಸಲ ಹೊರಟ ಪಾದ್ರಿ

ನುನಾಚಕ್ ಊರಿನ ಶಾಲೆಯನ್ನು ಬೆಚ್ಚಗಿಡುವ ಬಾಯ್ಲರ್ ಇಪ್ಪತ್ತೆರಡು ಚಳಿಗಾಲಗಳಲ್ಲಿ ಒಮ್ಮೆಯೂ ಆರಿರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವನು ಏಫ್ರಿಮ್. ಯಾರ ಮನೆಯ ಎಣ್ಣೆ ಒಲೆ ಕೆಮ್ಮಿದರೂ, ಯಾರ ಜನರೇಟರ್ ಮುನಿಸಿಕೊಂಡರೂ ಜನ ಅವನನ್ನೇ ಕರೆಯುತ್ತಿದ್ದರು. ಅವನು ಹೋಗಿ, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಒಂದು ನಟ್ಟು ತಿರುಗಿಸಿ, ಚಹಾ ಕುಡಿದು ಬರುತ್ತಿದ್ದ. ಅವನ ಕೈಗೆ ಬಗ್ಗದಿದ್ದದ್ದು ಒಂದೇ ಒಂದು, ಹಿಮದ ಮೇಲೆ ಓಡುವ ಅವನದೇ ಗಾಡಿ, ಸ್ನೋಮೊಬೈಲ್.

ಭಾನುವಾರ ಮಾತ್ರ ಅವನು ಪಾದ್ರಿ. ಓದಿ ಪದವಿ ಪಡೆದು ಬಂದ ಪಾದ್ರಿಯಲ್ಲ. ಹಳಬರು ತೀರಿಕೊಂಡ ಮೇಲೆ ಊರವರೇ ಹಿಡಿದು ನಿಲ್ಲಿಸಿದವನು. ಮದುವೆ ಮಾಡಿಸಲು ಬೆಥೆಲ್ ಪಟ್ಟಣದ ಹಿರಿಯ ಪಾದ್ರಿಗಳು ಒಂದು ಕಾಗದ ಬರೆದುಕೊಟ್ಟಿದ್ದರು. ನುನಾಚಕ್ ಅಲ್ಲದೆ ಕುಸ್ಕೊಕ್ವಿಮ್ ನದಿಯ ಕೆಳಗಿನ ಕಿಕರ್ತಾಕ್ ಊರೂ ಅವನ ಪಾಲಿಗೇ ಬಂದಿತ್ತು. ನದಿ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆಯೇ ದಾರಿ, ಐವತ್ತು ಮೈಲಿ. ಬೇರೆಯವರಿಗೆ ಎರಡು ಗಂಟೆ.

ಏಫ್ರಿಮ್‌ಗೆ ಎಷ್ಟು ಗಂಟೆ ಎಂದು ಯಾರೂ ಹೇಳುವಂತಿರಲಿಲ್ಲ. ಹನ್ನೊಂದು ಚಳಿಗಾಲಗಳಲ್ಲಿ ಅವನು ಯಾವ ತಂಟೆಯೂ ಇಲ್ಲದೆ ಕಿಕರ್ತಾಕ್ ತಲುಪಿದ್ದು ನಾಲ್ಕೇ ಸಲ. ಒಮ್ಮೆ ಪೆಟ್ರೋಲಿನಲ್ಲಿ ನೀರು. ಒಮ್ಮೆ ಸೀಟನ್ನು ನರಿ ಕಚ್ಚಿ ಹರಿದುಹಾಕಿತ್ತು. ಇನ್ನೊಮ್ಮೆ ಒಂದಕ್ಕೆಂದು ಇಳಿದು ಬೆನ್ನು ತಿರುಗಿಸಿ ನಿಂತಿದ್ದಾಗ ಗಾಡಿ ತಾನಾಗಿಯೇ ಹೊರಟುಹೋಗಿ ದಂಡೆಯ ಪೊದೆಗಳಲ್ಲಿ ಮೂಗು ತೂರಿಸಿಕೊಂಡು ನಿಂತಿತ್ತು. ಅವನು ಹೇಳಿರದಿದ್ದರೆ ಈ ಕಥೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸಹಾಯ ಬೇಕೆಂದರೆ ರೇಡಿಯೋದಲ್ಲಿ ಹೇಳಲೇಬೇಕು. ಎರಡೂ ಊರಿನ ಪ್ರತಿ ಅಡುಗೆಮನೆಯಲ್ಲೂ ಒಂದು ರೇಡಿಯೋ ಇತ್ತು. ಒಬ್ಬರು ಮೈಕ್ ಒತ್ತಿ ಮಾತಾಡಿದರೆ ಎಲ್ಲರಿಗೂ ಕೇಳುತ್ತಿತ್ತು.

ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದವಳು ಕಿಕರ್ತಾಕ್‌ನ ಸೋಫಿ. ಅವಳು ಏಫ್ರಿಮ್‌ನ ಸೋದರತ್ತೆಯ ಮಗಳು. ಅತ್ತೆಯ ಮಗಳು ಮಾವನ ಮಗನನ್ನು ಗೇಲಿ ಮಾಡುವುದು ಆ ನದಿಯ ಜನರಲ್ಲಿ ಹುಟ್ಟಿನಿಂದ ಬಂದ ಹಕ್ಕು. ಸಿಟ್ಟು ಮಾಡಿಕೊಂಡವನು ಸೋತ ಹಾಗೆ. ಆದ್ದರಿಂದ ಏಫ್ರಿಮ್ ಹಲ್ಲು ಕಚ್ಚಿಕೊಂಡು ನಗುತ್ತಿದ್ದ.

ಆ ಚಳಿಗಾಲ ಸೋಫಿಯ ಮಗಳು ಬೆರ್ತಾಳ ಮದುವೆ ನಿಶ್ಚಯವಾಯಿತು. ಹುಡುಗ ಅದೇ ಊರಿನ ನಿಕೊಲಾಯ್. ಬೆರ್ತಾ ಆಗಲೇ ಆರು ತಿಂಗಳ ಬಸುರಿ. ಜನವರಿಯ ಎರಡನೆಯ ಶನಿವಾರ ಮದುವೆ ಎಂದಾಯಿತು.

"ಕಾರ್ಲ್ ಗಾಡೀಲಿ ಹಿಂದೆ ಕೂತ್ಕೊಂಡು ಹೋಗು," ಎಂದಳು ಹೆಂಡತಿ ನತಾಲಿಯಾ. ಕಾರ್ಲ್ ಅವಳ ತಮ್ಮ. "ಅವನೂ ಮದುವೆಗೆ ಹೋಗ್ತಾನಲ್ಲ."

"ಕಟ್ಟಿಗೆ ಹೊರೆ ಥರ ಹಿಂದೆ ಕೂತು ಮದುವೆ ಮಾಡ್ಸೋಕೆ ಹೋಗ್ಲಾ? ನನ್ನ ಹತ್ರ ಗಾಡಿ ಇಲ್ವಾ?"

"ಇದೆ. ಅದಕ್ಕೇ ಹೇಳಿದ್ದು," ಎಂದಳು ನತಾಲಿಯಾ.

ಕಾರ್ಲ್ ಬೆಳಗಾಗುತ್ತಲೇ ಹೋದ. ಏಫ್ರಿಮ್ ಬಾಯ್ಲರ್ ನೋಡಿಕೊಂಡು ಒಂದು ಗಂಟೆ ತಡವಾಗಿ ಹೊರಟ. ಹದಿನೈದನೆಯ ಮೈಲಿಯಲ್ಲಿ ಎಂಜಿನ್ನಿನ ಬೆಲ್ಟ್ ಹರಿಯಿತು. ಅದೇನೂ ದೊಡ್ಡ ವಿಷಯವಲ್ಲ, ಎಲ್ಲರದೂ ಹರಿಯುತ್ತದೆ. ಸೀಟಿನಡಿಯಲ್ಲಿ ಇನ್ನೊಂದು ಇಟ್ಟಿರುತ್ತಾರೆ. ಅವನೂ ಇಟ್ಟಿದ್ದ. ತೆಗೆದು ಹಾಕಲು ಹೋದರೆ ಎರಡು ಬೆರಳು ಗಿಡ್ಡ. ಆಗ ನೆನಪಾಯಿತು: ಮನೆಯೆಲ್ಲ ಉಜ್ಜಿ ತೊಳೆದು ನತಾಲಿಯಾ ಕ್ರಿಸ್‌ಮಸ್‌ಗೆ ಅಣಿಮಾಡುತ್ತಿದ್ದ ದಿನ ಕಾರ್ಲ್ ಬಂದು, "ಭಾವ, ಒಂದು ಬೆಲ್ಟ್ ಕೊಡು, ನಾಳೆ ವಾಪಸ್ ತಂದಿಡ್ತೀನಿ," ಎಂದು ಒಯ್ದಿದ್ದ. ತಂದಿಟ್ಟಿದ್ದ ಕೂಡ. ಬೇರೆ ಯಾವುದೋ ಗಾಡಿಯದನ್ನು.

ಏಫ್ರಿಮ್ ಆ ಬೆಲ್ಟನ್ನು ಮಂಜಿನ ಮೇಲೆ ಎಸೆದು, ಎರಡು ಹೆಜ್ಜೆ ಹೋಗಿ, ವಾಪಸ್ ಬಂದು ಎತ್ತಿಕೊಂಡ. ಪಾದ್ರಿಯ ಬಾಯಲ್ಲಿ ಬರಬಾರದ ಮಾತು ಬಂತು. ಸುತ್ತ ನದಿ, ಬಿಳಿ ಬಯಲು. ಕೇಳುವವರು ಯಾರೂ ಇರಲಿಲ್ಲ. ಅಂಗಿಯೊಳಗೆ ಬೆಚ್ಚಗಿಟ್ಟುಕೊಂಡಿದ್ದ ಕೈರೇಡಿಯೋ ತೆಗೆದು ಹೇಳಿದ. ಆ ಕಡೆಯಿಂದ ಸೋಫಿಯ ದನಿ ತಕ್ಷಣ ಬಂತು.

"ಭಾವ, ಎಲ್ಲಿದ್ದೀಯ? ಇಲ್ಲಿ ಚರ್ಚ್ ತುಂಬಿದೆ."

"ಹದಿನೈದನೇ ಮೈಲಿ. ಬೆಲ್ಟು."

"ನಿನ್ನ ಸೊಂಟದ ಬೆಲ್ಟ್ ಕಟ್ಕೊಂಡು ಬಾ. ಪ್ಯಾಂಟ್ ಜಾರಿದ್ರೆ ಯಾರೂ ನೋಡಲ್ಲ, ಎಲ್ಲ ಮದುಮಗಳನ್ನ ನೋಡ್ತಿರ್ತಾರೆ."

ಎರಡು ಊರು ನಗುತ್ತಿದ್ದುದು ಅವನಿಗೆ ಕೇಳಿಸಿದಂತಾಯಿತು. ಅವನೂ ನಕ್ಕ. ಮೈಕ್ ಬಿಟ್ಟ ಮೇಲೆ ನಗಲಿಲ್ಲ. ಊರಿನಿಂದ ಯಾರೋ ಬಂದು ಗಾಡಿಯನ್ನು ಎಳೆದು ಮನೆ ಮುಟ್ಟಿಸುವಷ್ಟರಲ್ಲಿ ಕತ್ತಲಾಗಿ, ಮದುವೆ ಮುಂದಕ್ಕೆ ಹೋಯಿತು.

ಎರಡು ವಾರದ ನಂತರ ಮತ್ತೆ ಹೊರಟ. ಸರಿಯಾದ ಅಳತೆಯ ಮೂರು ಬೆಲ್ಟ್, ಆರು ಪ್ಲಗ್, ಕೊಡಲಿ, ಹಗ್ಗ. ಏನು ಕೆಟ್ಟರೂ ಸರಿಮಾಡಲು ಬೇಕಾದ್ದೆಲ್ಲ ಇತ್ತು. ಕೆಟ್ಟದ್ದು ಹವೆ. ಹಿಂದಿನ ದಿನ ದಕ್ಷಿಣದ ಗಾಳಿ ಬೀಸಿ ಮಳೆ ಬಿದ್ದು, ಮಂಜುಗಡ್ಡೆಯ ಮೇಲೆ ನೀರು ನಿಂತು, ಅದರ ಮೇಲೆ ಹಿಮದ ಪದರ ಕೂತಿತ್ತು. ಮೇಲಿಂದ ನೋಡಿದರೆ ಗಟ್ಟಿ ದಾರಿ. ಇಪ್ಪತ್ತನೆಯ ಮೈಲಿಯಲ್ಲಿ ಗಾಡಿ ಸೀಟಿನವರೆಗೆ ಗಂಜಿಯಂಥ ಕೆಸರಲ್ಲಿ ಕೂತಿತು. ಅವನು ಸೊಂಟದವರೆಗೆ ನೆಂದು, ದಂಡೆಯ ಮರಕ್ಕೆ ಹಗ್ಗ ಬಿಗಿದು, ಇಂಚು ಇಂಚಾಗಿ ಎಳೆದು ಹೊರಗೆ ತಂದ. ತರುವಷ್ಟರಲ್ಲಿ ಗಾಳಿ ಉತ್ತರಕ್ಕೆ ತಿರುಗಿ ಚಳಿ ಏರಿತು. ಕೆಳಗಿನ ರಬ್ಬರ್ ಪಟ್ಟಿ, ಚಕ್ರ, ಎಲ್ಲ ಒಂದೇ ಗಡ್ಡೆಯಾಯಿತು. ಕೊಡಲಿಯ ಹಿಂಬದಿಯಿಂದ ಬಡಿದು ಬಡಿದು ಬಿಡಿಸುವಾಗ ಮಧ್ಯಾಹ್ನವಾಗಿತ್ತು, ಕಾಲ್ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮುಂದೆ ಹೋಗುವುದು ಹುಚ್ಚುತನ. ಗಾಡಿಯನ್ನು ಮನೆಯ ಕಡೆ ತಿರುಗಿಸಿದ.

ಸಂಜೆ ಒದ್ದೆ ಬಟ್ಟೆ ಬಿಚ್ಚಿ ಒಲೆಯ ಬಳಿ ಕಾಲು ಚಾಚಿ ಕೂತಿದ್ದಾಗ ರೇಡಿಯೋ ಮಾತಾಡಿತು.

"ಭಾವ, ಮೂಸ್ ಮಾಂಸದ ಸಾರು ಚೆನ್ನಾಗಿತ್ತು. ಸಾಲ್ಮನ್ ಚೆನ್ನಾಗಿತ್ತು. ಕೊಬ್ಬಲ್ಲಿ ಬೆರಿಹಣ್ಣು ಕಲಸಿದ ಅಕುತಾಕ್ ಸಿಹಿ ಅಂತೂ ತಳ ಕೆರೆದು ತಿಂದ್ರು. ಮದುವೆ ಊಟ ಬಹಳ ಚೆನ್ನಾಗಾಯ್ತು. ಮದುವೆ ಒಂದು ಆಗ್ಲಿಲ್ಲ ಅಷ್ಟೇ."

"ಇನ್ನೆರಡು ವಾರ ತಡಕೊ, ಸೋಫಿ."

"ನಾನು ತಡಕೋತೀನಿ. ಬೆರ್ತಾ ಹೊಟ್ಟೆಲಿರೋದು ತಡಕೋಬೇಕಲ್ಲ? ಹಿಂಗೇ ಆದ್ರೆ ಮದುವೆ, ದೀಕ್ಷಾಸ್ನಾನ ಎರಡೂ ಒಂದೇ ದಿನ ಇಟ್ಕೊಳ್ಳೋಣ. ನಿನಗೂ ಒಂದೇ ಪ್ರಯಾಣ."

ನತಾಲಿಯಾ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತ ಭುಜ ಕುಲುಕಿಸಿ ನಗುತ್ತಿದ್ದಳು. ಏಫ್ರಿಮ್ ಎದ್ದು ಹೋಗಿ ರೇಡಿಯೋದ ದನಿ ಸಣ್ಣ ಮಾಡಿದ.

ಆ ಎರಡು ವಾರ ಅವನು ಎಂಜಿನ್ ಬಿಚ್ಚಿ ಅಡುಗೆಮನೆಯ ನೆಲದ ಮೇಲೆ ಹರಡಿದ. ಕಾರ್ಬ್ಯುರೇಟರ್ ತೊಳೆದ, ಪಿಸ್ಟನ್ ಒರೆಸಿದ, ಎಣ್ಣೆಯ ಕೊಳವೆಗಳನ್ನೆಲ್ಲ ಹೊಸದು ಹಾಕಿದ. ನತಾಲಿಯಾ ತಿರುಗಾಡಲು ಗೋಡೆ ಹಿಡಿದು ನಡೆಯಬೇಕಾಗಿತ್ತು. "ಸಾರಲ್ಲೂ ಪೆಟ್ರೋಲ್ ವಾಸನೆ," ಎಂದು ಗೊಣಗಿದಳು. "ಹಣೆಬರಹ ಕೆಟ್ಟಿದ್ರೆ ಏನ್ ಮಾಡೋದು," ಎಂದ ಅವನು. ಆ ಮಾತನ್ನು ಅವನು ಹನ್ನೊಂದು ವರ್ಷದಿಂದ ಹೇಳುತ್ತ ಬಂದಿದ್ದ.

ಫೆಬ್ರವರಿಯ ಆ ಬೆಳಿಗ್ಗೆ ಗಾಡಿ ಮೊದಲನೆಯ ಎಳೆತಕ್ಕೇ ಎದ್ದಿತು. ಗಟ್ಟಿ ದಾರಿ, ನಿಚ್ಚಳ ಆಕಾಶ, ಗಾಳಿಯಿಲ್ಲ. ಹತ್ತನೆಯ ಮೈಲಿ, ಇಪ್ಪತ್ತನೆಯ ಮೈಲಿ. ಎಂಜಿನ್ ಹೊಸತರಂತೆ ಗುಂಯ್‌ಗುಟ್ಟುತ್ತಿತ್ತು. ಏಫ್ರಿಮ್ ಮುಖಕ್ಕೆ ಸುತ್ತಿದ ಬಟ್ಟೆಯೊಳಗೆ ಹಾಡಿಕೊಂಡ. ಇಪ್ಪತ್ತೆಂಟನೆಯ ಮೈಲಿಯಲ್ಲಿ, ನದಿ ತಿರುವಿನಲ್ಲಿ ದಾರಿಹೋಕರ ತಂಗುಮನೆ ಕಾಣುತ್ತಿದ್ದಂತೆ, ಎಂಜಿನ್ ಒಮ್ಮೆ ಚೀರಿ ನಿಂತುಬಿಟ್ಟಿತು. ಚಾಲೂ ಮಾಡುವ ಹಗ್ಗ ಎಳೆದ. ಅಲ್ಲಾಡಲಿಲ್ಲ. ಪಿಸ್ಟನ್ ಒಳಗೇ ಕಚ್ಚಿಕೊಂಡು ಸೀಜ್ ಆಗಿತ್ತು.

ಮುಚ್ಚಳ ಎತ್ತಿದ. ಎಣ್ಣೆಯ ಡಬ್ಬಿಯಿಂದ ಎಂಜಿನ್‌ಗೆ ಹೋಗುವ ಕೊಳವೆ ಕಳಚಿ ತೂಗುತ್ತಿತ್ತು. ತುದಿಯಲ್ಲಿ ಕ್ಲಿಪ್ ಇತ್ತು, ಬಿಗಿಯದ ಕ್ಲಿಪ್. ಒಂದು ಕ್ಷಣ ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಗುರುವಾರ ಮಧ್ಯಾಹ್ನ ನೆನಪಾಯಿತು. ಕೊಳವೆ ಸಿಕ್ಕಿಸಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಾಗಲೇ ರೇಡಿಯೋದಲ್ಲಿ ಯಾರೋ ಒಲೆ ಉರೀತಿಲ್ಲ ಎಂದು ಕರೆದಿದ್ದರು. ಎದ್ದು ಹೋಗಿದ್ದ. ಬಂದು ಮುಚ್ಚಳ ಮುಚ್ಚಿದ್ದ.

ನರಿ ಅಲ್ಲ, ಮಳೆ ಅಲ್ಲ, ಕಾರ್ಲ್ ಅಲ್ಲ. ಎರಡು ಸುತ್ತು ತಿರುಗಿಸಿದ್ದರೆ ಸಾಕಿತ್ತು. ಬೈಯಲು ಯಾರೂ ಸಿಗದೆ ಅವನು ಗಾಡಿಯ ಪಕ್ಕ ಮಂಡಿಯೂರಿ ಕೂತ. ಹಿಂದಿನ ಏಳೆಂಟು ಸಲದ್ದೂ ಒಂದೊಂದಾಗಿ ತಲೆಗೆ ಬರತೊಡಗಿದವು. ಆ ನೀರು ಬೆರೆತ ಪೆಟ್ರೋಲ್, ಡಬ್ಬಿಯ ಮುಚ್ಚಳ ಯಾರು ತೆರೆದಿಟ್ಟಿದ್ದು? ಊರಿನ ಬಾಯ್ಲರ್‌ಗೆ ಕಿವಿಗೊಡುವವನಿಗೆ, ತನ್ನದರ ಹತ್ತಿರ ಬಂದಾಗ ಯಾವಾಗಲೂ ಅವಸರ.

ರೇಡಿಯೋದಲ್ಲಿ "ಎಂಜಿನ್ ಹೋಯ್ತು, ತಿರುವಿನ ಮನೆ ಹತ್ರ ಇದೀನಿ," ಎಂದಷ್ಟೇ ಹೇಳಿದ. ಮದುಮಗ ನಿಕೊಲಾಯ್‌ಗೆ ತಾಳ್ಮೆ ಮುಗಿದಿತ್ತು. "ನಾನೇ ಬಂದು ಕರ್ಕೊಂಡು ಹೋಗ್ತೀನಿ," ಎಂದು ಹೊರಟ. ತಂಗುಮನೆ ಇನ್ನು ಕೂಗಳತೆಯಲ್ಲಿದೆ ಎನ್ನುವಾಗ ಹಿಮದಡಿಯ ಮರದ ದಿಮ್ಮಿಗೆ ಹೊಡೆದು ಅವನ ಗಾಡಿಯ ಮುಂದಿನ ಸ್ಕೀ ಮುರಿಯಿತು. ಹೊಸ ಅಂಗಿಯಲ್ಲಿ ಕುಂಟುತ್ತ ಒಳಗೆ ಬಂದ.

"ಮಾವ, ನಿಮ್ಮ ಹತ್ರ ಬಂದ್ರೆ ಕೆಟ್ಟ ಗಾಳಿ ತಗಲುತ್ತೆ ಅಂತಾರೆ, ನಿಜ ಕಣ್ರೀ," ಎಂದು ಬೆಂಚಿನ ಮೇಲೆ ಕುಸಿದ. "ಏನಾಯ್ತು ನಿಮ್ಮ ಗಾಡಿಗೆ?"

"ಏನೋ. ಹಣೆಬರಹ," ಎಂದ ಏಫ್ರಿಮ್. ಹೇಳಿದ ಕೂಡಲೇ ನಾಲಿಗೆಗೆ ಕಹಿಯಾಯಿತು.

ಮತ್ತೆ ರೇಡಿಯೋದಲ್ಲಿ ಹೇಳಿ, ಎರಡು ಗಂಟೆ ಇಬ್ಬರೂ ಒಣ ಮೀನು ಅಗಿಯುತ್ತ, ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಆಮೇಲೆ ಸೋಫಿಯ ಗಾಡಿಯ ಸದ್ದು ಕೇಳಿಸಿತು. ಮದುವೆಗೆಂದು ಹೊಲಿದ ಹೂವಿನ ಬಟ್ಟೆಯ ಮೇಲಂಗಿಯಲ್ಲೇ ಬಂದಿದ್ದಳು.

"ನನ್ನ ಅಳಿಯನ್ನೂ ಕೆಡಿಸಿಟ್ಟೆಯಾ?" ಎಂದವಳೇ ಸೀದಾ ಏಫ್ರಿಮ್‌ನ ಗಾಡಿಯ ಬಳಿ ಹೋಗಿ ಮುಚ್ಚಳ ಎತ್ತಿದಳು. ಗಂಡ ಸತ್ತ ಮೇಲೆ ತನ್ನ ಗಾಡಿಯನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿದ್ದ ಹೆಂಗಸು. ತೂಗುತ್ತಿದ್ದ ಕೊಳವೆಯನ್ನು ಬೆರಳಲ್ಲಿ ಮುಟ್ಟಿದಳು, ಕ್ಲಿಪ್ಪನ್ನು ಮುಟ್ಟಿದಳು. ಏಫ್ರಿಮ್ ಕಾದ. ಮುಂದಿನ ಹತ್ತು ವರ್ಷಕ್ಕೆ ಸಾಕಾಗುವಷ್ಟು ಮಾತು ಅವಳ ಕೈಗೆ ಸಿಕ್ಕಿತ್ತು.

ಸೋಫಿ ಮುಚ್ಚಳ ಹಾಕಿದಳು. "ಹಗ್ಗ ಎಲ್ಲಿದೆ?" ಎಂದಳು. ಅಷ್ಟೇ.

ಗೇಲಿಗಿಂತ ಅದು ಹೆಚ್ಚು ಚುಚ್ಚಿತು. ನಿಕೊಲಾಯ್ ತನ್ನ ಗಾಡಿಯನ್ನು ಅಲ್ಲೇ ಬಿಟ್ಟು ಅತ್ತೆಯ ಹಿಂದೆ ಕೂತ. ಏಫ್ರಿಮ್ ಸತ್ತ ಗಾಡಿಯ ಹ್ಯಾಂಡಲ್ ಹಿಡಿದು, ಹಗ್ಗದ ತುದಿಯಲ್ಲಿ, ಇಪ್ಪತ್ತೆರಡು ಮೈಲಿ ಅವರ ಹಿಮ ತಿನ್ನುತ್ತ ಹೋದ. ಕಿಕರ್ತಾಕ್‌ನ ದಂಡೆಯ ಮೇಲೆ ಇಡೀ ಊರು ನಿಂತಿತ್ತು. ಕೆಲವರು ಚಪ್ಪಾಳೆ ತಟ್ಟಿದರು.

ಚರ್ಚಿನಲ್ಲಿ ಬೆರ್ತಾ ಒಂದು ಕೈ ಸೊಂಟಕ್ಕೆ ಕೊಟ್ಟು ನಿಂತಿದ್ದಳು. ಏಫ್ರಿಮ್ ಮಾತು ಕೊಡಿಸಿದ, ಉಂಗುರ ಹಾಕಿಸಿದ, ಪ್ರಾರ್ಥನೆ ಓದಿದ. ನಂತರ ಉಪದೇಶಕ್ಕೆಂದು ಕಾಗದ ಬಿಡಿಸಿದ. ತಾಳ್ಮೆಯ ಬಗ್ಗೆ ಜನವರಿಯಲ್ಲೇ ಬರೆದದ್ದು. ನೀರು ಕುಡಿದು ಅಕ್ಷರ ಕದಡಿತ್ತು. ಮೊದಲ ಸಾಲು ಓದಿ ನಿಲ್ಲಿಸಿದ. ಎರಡನೆಯ ಸಾಲಿನ ಬೆಂಚಿನಲ್ಲಿ ಸೋಫಿ ಕಣ್ಣು ತಗ್ಗಿಸಿ ಕೂತಿದ್ದಳು.

"ನಿಕೊಲಾಯ್ ನನ್ನನ್ನ ಏನಾಯ್ತು ಅಂತ ಕೇಳ್ದ," ಎಂದ ಏಫ್ರಿಮ್. "ಹಣೆಬರಹ ಅಂದೆ. ಸುಳ್ಳು. ಎಣ್ಣೆ ಕೊಳವೆ ಕ್ಲಿಪ್ಪು, ನಾನೇ ಬಿಗಿ ಮಾಡಿರ್ಲಿಲ್ಲ. ಮರೆತೆ. ನಿಮ್ಮಿಬ್ರಿಗೆ ಹೇಳೋಕೆ ನನ್ನ ಹತ್ರ ಬೇರೇನೂ ಇಲ್ಲ. ತಪ್ಪು ನಿಮ್ಮದಾಗಿದ್ರೆ ನಂದೇ ಅಂತ ಒಪ್ಕೊಳ್ಳಿ, ಸಂಸಾರದಲ್ಲಿ ದಿನಾ ಬೇಕಾಗುತ್ತೆ."

ಆಗ ಸೋಫಿ, ತಡೆದುಕೊಂಡು ತಡೆದುಕೊಂಡು ಸಾಕಾದವಳಂತೆ, ಗೊಳ್ಳೆಂದು ನಕ್ಕಳು. "ಇಪ್ಪತ್ತೆರಡು ಮೈಲಿ! ಇಪ್ಪತ್ತೆರಡು ಮೈಲಿ ಬಾಯಿ ಕಟ್ಕೊಂಡು ಬಂದಿದೀನಿ ಭಾವ! ಕೊರಳು ಊದ್ಕೊಂಡಿದೆ ನನಗೆ!" ಬೆರ್ತಾ ಹೊಟ್ಟೆ ಹಿಡಿದು ನಕ್ಕಳು. ಏಫ್ರಿಮ್‌ಗೆ ನಗು ಬರಲಿಲ್ಲ. ಆದರೆ ಉಪದೇಶದ ಕಾಗದವನ್ನು ಮಡಚಿ ಜೇಬಿಗೆ ಹಾಕಿ ಮದುಮಕ್ಕಳನ್ನು ಹರಸಿದ.

ಹಾಗೆಂದು ಅದೃಷ್ಟವೇನೂ ತಿರುಗಲಿಲ್ಲ. ಪಿಸ್ಟನ್ ತರಿಸಲು ಬರೆದರೆ ಬೇರೆ ಗಾಡಿಯದು ಬಂತು. ವಾಪಸ್ ಕಳಿಸಿ ಸರಿಯಾದದ್ದು ಬರುವಷ್ಟರಲ್ಲಿ ಏಪ್ರಿಲ್ ಕಳೆದು ನದಿಯ ಮಂಜು ಒಡೆದಿತ್ತು. ಏಪ್ರಿಲ್‌ನಲ್ಲೇ ಹುಟ್ಟಿದ ಬೆರ್ತಾಳ ಮಗಳಿಗೆ ದೀಕ್ಷಾಸ್ನಾನ ಮಾಡಿಸಲು, ಮಂಜು ಒಡೆಯುವ ಮುನ್ನ, ಅವನು ಕಾರ್ಲ್‌ನ ಹಿಂದೆ ಕೂತೇ ಹೋಗಿ ಬಂದ. ಮದುವೆಯ ದಿನ ಬಿಟ್ಟುಹೋದ ಗಾಡಿ ಸೋಫಿಯ ಮನೆಯ ಹಿಂದೆ ಟಾರ್ಪಾಲಿನಡಿ ಬಿದ್ದಿತ್ತು.

ಜೂನ್‌ನಲ್ಲಿ ದೋಣಿ ತಂದು ಅದನ್ನು ಏರಿಸಿಕೊಂಡ. ಈ ಸಲ ದೋಣಿಯ ಮೋಟಾರಿನ ಪ್ರತಿ ಕ್ಲಿಪ್ಪನ್ನೂ ಎರಡೆರಡು ಸಲ ಮುಟ್ಟಿ ನೋಡಿದ. ಪ್ರವಾಹಕ್ಕೆದುರಾಗಿ ಆರು ಮೈಲಿ ಹೋಗಿದ್ದ. ನೀರಿನಡಿಯ ಮರಳದಿಬ್ಬಕ್ಕೆ ಮೋಟಾರಿನ ರೆಕ್ಕೆ ಬಡಿದು ಮುರಿಯಿತು. ಆ ದಿಬ್ಬ ಕಳೆದ ಬೇಸಿಗೆ ಅಲ್ಲಿರಲಿಲ್ಲ. ಏಫ್ರಿಮ್ ಸ್ನೋಮೊಬೈಲಿನ ಸೀಟಿನ ಮೇಲೆ ಕೂತು ಸೊಳ್ಳೆ ಹೊಡೆಯುತ್ತ ನದಿ ಒಯ್ದಲ್ಲಿಗೆ ಹೋದ. ಒಯ್ದದ್ದು ಕಿಕರ್ತಾಕ್‌ಗೆ.

ಸೋಫಿ ದಂಡೆಯಲ್ಲಿ ಸಾಲ್ಮನ್ ಸೀಳುತ್ತಿದ್ದಳು. ಮೊಮ್ಮಗಳು ಬೆನ್ನಿಗೆ ಕಟ್ಟಿದಲ್ಲೇ ನಿದ್ದೆಹೋಗಿತ್ತು.

"ಕರೆದಾಗ ಬರಲ್ಲ, ಕಳಿಸಿದ್ರೆ ಹೋಗಲ್ಲ," ಎಂದಳು. "ಇದಕ್ಕೂ ನೀನೇನಾ ಕಾರಣ?"

"ಇಲ್ಲ!" ಎಂದು ಏಫ್ರಿಮ್ ಕೂಗಿದ. "ಇದು ಮಾತ್ರ ನಾನಲ್ಲ!"

ಅವಳು ಒಂದು ಚಾಕುವನ್ನು ಅವನ ಕಡೆ ಚಾಚಿದಳು. ಇನ್ನೂ ನೂರಿಪ್ಪತ್ತು ಮೀನುಗಳಿದ್ದವು. ಅವನು ಬೂಟು ಕೆಸರಲ್ಲಿ ಹೂತುಕೊಂಡೇ ಇಳಿದು ಬಂದು, ಗೊಣಗುತ್ತ, ಸೀಳಲು ಕೂತ.