ರೂಲ್ ಮತ್ತು ಪ್ರಿನ್ಸಿಪಲ್ ನಡುವೆ ನಿಂತ ಅಕ್ಕ

“ಏನು ಮಾಡಬೇಕೆಂಬುದು ರೂಲ್, ಏಕೆ ಎಂಬುದು ಪ್ರಿನ್ಸಿಪಲ್.” ಅಕ್ಕ ಬಾಯಿಪಾಠ ಮಾಡುತ್ತಿದ್ದ ಸಾಲು ಹೀಗೇ ಇತ್ತೇ? ವ್ಯತ್ಯಾಸ ಅಷ್ಟು ಸರಳವೇ? ಇವತ್ತು ಮಗಳ ನಿಘಂಟಿನಲ್ಲಿ ಆ ಪದಗಳನ್ನು, ಪಕ್ಕದಲ್ಲಿ ‘ನಿಯಮ’, ‘ತತ್ವ’ ಎಂಬ ಅರ್ಥಗಳನ್ನು ಕಂಡದ್ದೇ ಮೂಗಿಗೆ ಅಜ್ಜಿ ಸತ್ತ ದಿನದ ವಿಭೂತಿಯ ವಾಸನೆ ಬಡಿಯಿತು.

ಅಜ್ಜಿಯನ್ನು ಮಣ್ಣು ಮಾಡಿದ ಮರುದಿನವೇ, ನಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಹೋಗಬೇಕಾದ ನವಲಗುಂದದಲ್ಲಿ, ಅಕ್ಕನ ಮ್ಯಾಟ್ರಿಕ್ ಇಂಗ್ಲಿಷ್ ಪರೀಕ್ಷೆ. ಈ ಸಲ ತಪ್ಪಿದರೆ ಓದು ಮುಗಿಯಿತು, ಮದುವೆಯೇ ಎಂದು ಅಪ್ಪ ಮೊದಲೇ ಹೇಳಿದ್ದರು.

“ಮೂರ ದಿನ ಹೊಸ್ತಿಲಾ ದಾಟಬಾರ್ದು,” ಎಂದರು ದೊಡ್ಡಪ್ಪ.

“ನಮ್ಮ ಲಿಂಗವಂತರೊಳಗ ಸೂತಕ ಇಲ್ಲಂತ ನೀವ ಹೇಳ್ತೀರಲ್ರಿ ದೊಡ್ಡಪ್ಪಾ! ಅದು ಪ್ರಿನ್ಸಿಪಲ್. ಇದು ಬರೇ ರೂಲ್,” ಎಂದು ಅಕ್ಕ ಅತ್ತಳು.

“ಎರಡಕ್ಷರ ಕಲ್ತು ನಮಗ ಧರ್ಮಾ ಹೇಳ್ತಿ ಏನ್ ಬೇ? ಮಂದಿ ಏನಂದಾರು?”

ಅಕ್ಕ ಅಪ್ಪನ ಕಾಲು ಹಿಡಿದಳು. ಅವರು ಅಡಿಕೆ ಕತ್ತರಿಸುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಊರ ಅಗಸಿಬಾಗಿಲ ಕಡೆಯಿಂದ ಬಸ್ಸಿನ ಹಾರ್ನ್ ಬಹಳ ಹೊತ್ತು ಬಿಟ್ಟುಬಿಟ್ಟು ಕೇಳಿ, ಕೊನೆಗೆ ನಿಂತುಹೋಯಿತು.

ಎಂ.ಎ. ಓದಿದವಳು ನಾನು. ಮಗಳಿಗೆ ಅರ್ಥ ಬಿಡಿಸಿ ಹೇಳಲು ಹೋದವಳು ನಿಘಂಟನ್ನು ಮಡಚಿಡುತ್ತೇನೆ. ಅವತ್ತು ಬಾಜು ಮನೆಯ ಫಾತಿಮಾ ಚಾಚಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು ಹೇಳಿದ್ದೇ ಕೇಳಿಸುತ್ತದೆ: “ಬಸ್ ಹೋತ್ರಿ ಅಣ್ಣಾರ. ಹುಡುಗಿ ಬರ್ತಾಳಂತ ಊರ ಮಂದಿ ಎಲ್ಲಾ ಸೇರಿ ಇಷ್ಟೊತ್ತು ತಡದಿದ್ವಿ.”