ಫರಾಳ ಊಟವಲ್ಲ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಔರಾದಿನಲ್ಲಿ ನರ್ಸಾಗಿ ಎಂಟು ವರ್ಷವಾಯಿತು, ಗುಳಿಗೆ ತಪ್ಪಿಸುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಮೆಹಕರದಲ್ಲಿರುವ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನಿಂದ ತಿಂದಷ್ಟು ಬೈಗುಳ ಬೇರೆ ಯಾರೂ ತಿಂದಿಲ್ಲ.

ಅಣ್ಣನಿಗೂ ಬಿಪಿ, ವೈನಿಗೂ ಬಿಪಿ. ಭಾಲ್ಕಿಯ ಒಬ್ಬರೇ ಡಾಕ್ಟರು ಇಬ್ಬರಿಗೂ ಒಂದೇ ಗುಳಿಗೆ ಬರೆದಿದ್ದರು: ದಿನಕ್ಕೊಂದು, ಮುಂಜಾನೆ ಊಟವಾದ ಮೇಲೆ. ಅಣ್ಣನದು ಬೇಗ ಹತೋಟಿಗೆ ಬಂತು. ವೈನಿಯದು ಒಮ್ಮೆ ಇಳಿದರೆ ಮತ್ತೊಮ್ಮೆ ಏರುತ್ತಿತ್ತು. ಮನೆಗೆ ಹೋದಾಗ ನೋಡಿದರೆ ಅವರ ಡಬ್ಬಿಯಲ್ಲಿ ಗುಳಿಗೆಗಳು ಉಳಿದಿರುತ್ತಿದ್ದವು.

"ಮತ್ತ ಬಿಟ್ಟೀರಲ್ರಿ ವೈನಿ! ಗ್ವಾಡಿಗಿ ಹೇಳಿದ್ರ ಗ್ವಾಡಿನಾದ್ರೂ ಕೇಳ್ತಿತ್ತು."

"ಊಟ ಆದಮ್ಯಾಗ ಒಂದಿನಾನೂ ಬಿಟ್ಟಿಲ್ಲ ತಂಗಿ. ನಾ ಯಾಕ ಸುಳ್ಳ ಹೇಳ್ಲಿ?"

ನಾನು ನಂಬಲಿಲ್ಲ.

ಹೋದ ಮಳೆಗಾಲದಲ್ಲಿ, ಒಂದು ಶನಿವಾರ ಮುಂಜಾನೆ, ವೈನಿಯ ಎಡಗೈಯಿಂದ ಚಹಾದ ಕಪ್ಪು ಜಾರಿಬಿತ್ತು, ಬಾಯಿ ಒಂದು ಕಡೆ ಸೊಟ್ಟಗಾಯಿತು. ಲಕ್ವಾ ಹೊಡೆದಿತ್ತು. ಅಣ್ಣ ಜೀಪಿನಲ್ಲಿ ಹಾಕಿಕೊಂಡು ಬೀದರಿನ ದವಾಖಾನೆಗೆ ತಂದ. ನಾನು ಬೀದರಿನಲ್ಲೇ ನೌಬಾದದಲ್ಲಿರುವ ನನ್ನ ಮನೆಯಿಂದ ಉಟ್ಟ ಸೀರೆಯಲ್ಲೇ ಓಡಿದೆ. ದೇವರ ದಯೆ, ಜೀವ ಉಳಿಯಿತು. ಇನ್ನು ಗುಳಿಗೆ ತಪ್ಪಿದರೆ ಮುಂದಿನ ಸಲ ಹೇಳಲಿಕ್ಕಾಗದು ಎಂದರು ಡಾಕ್ಟರು.

ಬುಧವಾರದವರೆಗೆ ಮೂಗಿನ ನಳಿಗೆಯಿಂದಲೇ ಆಹಾರ, ಔಷಧ. ಗುರುವಾರ ನಾನು ವಾರ್ಡಿಗೆ ಹಾಲಲ್ಲಿ ನೆನೆಸಿದ ರೊಟ್ಟಿ ಒಯ್ದೆ. ವೈನಿ ಮುಖ ತಿರುಗಿಸಿ ಬಾಳೆಹಣ್ಣು ಕೇಳಿದರು. ತಿಂದಾದ ಮೇಲೆ ಗುಳಿಗೆ ಹಿಡಿದರೆ ಬಲಗೈಯಿಂದ ಹಿಂದಕ್ಕೆ ತಳ್ಳಿದರು.

"ಇವತ್ತ ಬರೇ ಫರಾಳ ತಂಗಿ," ಎಂದರು ತೊದಲುತ್ತ. "ಊಟ ಆದಮ್ಯಾಗ ಅಂದಾರ ಡಾಕ್ಟರ್ ಸಾಹೇಬ್ರು. ಇದು ಊಟ ಅಲ್ಲಲಾ."

ನಮ್ಮ ಕಡೆ ಉಪವಾಸದ ದಿನ ತಿನ್ನುವ ಹಣ್ಣು, ಸಾಬೂದಾಣಿ ಅಂದರೆ ಸಬ್ಬಕ್ಕಿ, ಇಂಥವಕ್ಕೆ ಫರಾಳ ಎನ್ನುತ್ತೇವೆ. ರೊಟ್ಟಿ, ಅನ್ನ ಉಂಡರಷ್ಟೇ ಅದು ಊಟ. ವೈನಿಗೆ ಸೋಮವಾರ, ಗುರುವಾರ, ಶನಿವಾರ ಉಪವಾಸ. ವಾರದಲ್ಲಿ ಮೂರು ದಿನ ಊಟವಿಲ್ಲ, ಅಂದಮೇಲೆ ಗುಳಿಗೆಯೂ ಇಲ್ಲ! ಪಾಪ, ಅವರು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಅಣ್ಣ ಹುಟ್ಟಿದಾಗಿನಿಂದ ಒಂದು ಹೊತ್ತೂ ಉಪವಾಸ ಇದ್ದವನಲ್ಲ. ನಮ್ಮ ಮನೆಯಲ್ಲಿ ದೇವರಿಗಾಗಿ ಹಸಿಯುವುದು ಹೆಂಗಸರ ಪಾಲಿನ ಕೆಲಸ. ಅದೇ ಮನೆಯಲ್ಲಿ ಬೆಳೆದ ನಾನು, ಯಾವ ದಿನ ತಪ್ಪುತ್ತದೆ ಎಂದು ಒಮ್ಮೆಯಾದರೂ ಕೇಳಬಾರದಿತ್ತೇ? ನಾಚಿಕೆಯಿಂದ ನೆಲ ನೋಡಿದೆ.

"ವಾರಕ್ಕ ಮೂರು ದಿನ ಯಾಕ್ರಿ ವೈನಿ?"

"ಸೋಮಾರ ನಿಮ್ಮ ಅಣ್ಣಂದು. ಶನಿವಾರ ಹುಡುಗರದು."

"ಗುರುವಾರ?"

"ನಿನ್ನ ನೌಕರಿ ಸಲುವಾಗಿ ಹಿಡದಿದ್ದೆ."

"ನೌಕರಿ ಸಿಕ್ಕು ಎಷ್ಟು ವರ್ಷ ಆತಲ್ರಿ!"

"ಸಿಕ್ಕಿದ್ದು ಉಳೀಬೇಕಲ್ಲಾ ತಂಗಿ?"

ಇಡೀ ವಾರ್ಡು ನೋಡುತ್ತಿದ್ದರೂ ನನಗೆ ಅಳು ತಡೆಯಲಾಗಲಿಲ್ಲ. "ನಿಮ್ಮ ಕಾಲಿಗಿ ಬೀಳ್ತೇನಿ, ಇದನ್ನ ನುಂಗ್ರಿ," ಎಂದೆ.

ವೈನಿ ಸೊಟ್ಟ ಬಾಯಿಯನ್ನು ಕಷ್ಟಪಟ್ಟು ತೆರೆದರು.